ನಿಮಗಿದು ಗೊತ್ತೇ? ಹಲ್ಲಿನ ಬೇರಿಗೆ ತೂತು ಬಿದ್ದರೆ ಪೆಟ್ಟಿಗೆ ಹೇಳುತ್ತದೆ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ 'ರೂಟ್ ಕೆನಾಲ್' ಹೊಸ ಮಾತೇನಲ್ಲ. ಬಾಯ್ತೆರೆದು ಕೂತವರ ಪಕ್ಕದಲ್ಲಿ 'ಬೀಪ್ ಬೀಪ್' ಎನ್ನುವ ಪುಟ್ಟ ಪೆಟ್ಟಿಗೆ ಏನು ಹೇಳುತ್ತಿರುತ್ತದೆ?

◆ ಅದರ ಹೆಸರು ಅಪೆಕ್ಸ್ ಲೊಕೇಟರ್. ಒಂದು ತಂತಿಯ ಕೊಕ್ಕೆ ತುಟಿಯಂಚಿಗೆ, ಇನ್ನೊಂದು ತಂತಿ ಬೇರಿನೊಳಗೆ ಇಳಿಯುವ ಸೂಜಿಯಂಥ ಫೈಲಿಗೆ. ಫೈಲಿನ ತುದಿ ಬೇರಿನ ಕೊನೆ ಮುಟ್ಟಿತೇ ಎಂದು ವಿದ್ಯುತ್ತಿನಿಂದ ಅಳೆಯುವುದು ಇದರ ಕೆಲಸ.

◆ ಹರಿಯುವ ಕರೆಂಟು ತೀರಾ ಅಲ್ಪ, ಷಾಕ್ ಹೊಡೆಯುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮಾತ್ರ ಕುರ್ಚಿ ಹತ್ತುವ ಮೊದಲೇ ವೈದ್ಯರಿಗೆ ಹೇಳಬೇಕು.

◆ ಬೇರಿನ ಉದ್ದವನ್ನು ವಿದ್ಯುತ್ತಿನಿಂದ ಅಳೆಯಬಹುದೆಂದು 1918ರಲ್ಲೇ ಕಸ್ಟರ್ ಸೂಚಿಸಿದ್ದರು. 1942ರಲ್ಲಿ ಜಪಾನಿನ ಸುಜುಕಿ ನಾಯಿಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿದರು. 1962ರಲ್ಲಿ ಸುನಾಡ ಮನುಷ್ಯರ ಲೆಕ್ಕ ಕೊಟ್ಟರು: ಬಾಯಿಯ ಒಳಚರ್ಮಕ್ಕೂ ಬೇರನ್ನು ಸುತ್ತಿದ ತಂತುಪೊರೆಗೂ ನಡುವಿನ ರೋಧ ಸುಮಾರು 6.5 ಕಿಲೋ ಓಮ್. ಹಲ್ಲು ಯಾವುದೇ ಇರಲಿ, ವಯಸ್ಸು ಎಷ್ಟೇ ಇರಲಿ, ಹೆಚ್ಚೂಕಡಿಮೆ ಅಷ್ಟೇ!

◆ ತೂತು ಪತ್ತೆಯಾಗುವುದೂ ಇದೇ ಲೆಕ್ಕದಿಂದ. ಬೇರಿನ ಗೋಡೆ ವಿದ್ಯುತ್ತನ್ನು ತಡೆಯುತ್ತದೆ, ಹೊರಗಿನ ತಂತುಪೊರೆ ಬಿಟ್ಟುಕೊಡುತ್ತದೆ. ಗೋಡೆಯ ತೂತಿನಿಂದ ಫೈಲು ಆಚೆ ಇಣುಕಿದೊಡನೆ ಯಂತ್ರ 'ಕೊನೆ ಬಂತು' ಎನ್ನುತ್ತದೆ. 20 ಮಿಲಿಮೀಟರ್ ಇರಬೇಕಾದ ಕಡೆ 12ಕ್ಕೇ ಹಾಗೆಂದರೆ ವೈದ್ಯರು ತಕ್ಷಣ ಕೈ ತಡೆಯುತ್ತಾರೆ.

◆ ಎಕ್ಸ್-ರೇ ಇರುವಾಗ ಇದೇಕೆ? ಎಕ್ಸ್-ರೇ ಚಪ್ಪಟೆ ಚಿತ್ರ. ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಬಿದ್ದ ತೂತು ಬೇರಿನ ನೆರಳಲ್ಲೇ ಅಡಗಿಬಿಡುತ್ತದೆ. ಯಂತ್ರಕ್ಕೆ ದಿಕ್ಕಿನ ಹಂಗಿಲ್ಲ.

◆ ಯಂತ್ರವೂ ಮೋಸಹೋಗುತ್ತದೆ! ಜೊಲ್ಲು ಒಳನುಗ್ಗಿದರೆ, ಫೈಲು ಹಳೆಯ ಲೋಹದ ಫಿಲ್ಲಿಂಗಿಗೆ ತಗುಲಿದರೆ ಸುಳ್ಳು ಲೆಕ್ಕ ಕೊಡುತ್ತದೆ. ಬೇರು ಸೀಳಿದ್ದರೂ 'ಕೊನೆ ಬಂತು' ಎನ್ನಬಹುದು. ಅದಕ್ಕೇ ಓರೆಯಿಂದ ಇನ್ನೊಂದು ಎಕ್ಸ್-ರೇ ತೆಗೆದು ಖಾತ್ರಿ ಮಾಡಿಕೊಳ್ಳುತ್ತಾರೆ.

◆ ಎಲ್ಲ ತೂತಿಗೂ ವೈದ್ಯರ ಕೈಯೇ ಕಾರಣವಲ್ಲ. ಆಳಕ್ಕಿಳಿದ ಹುಳುಕು ಗೋಡೆಯನ್ನು ಕೊರೆಯುತ್ತದೆ. ಕೆಲವೊಮ್ಮೆ ಬೇರು ಒಳಗಿಂದ ತಾನೇ ಕರಗುತ್ತದೆ. ವಯಸ್ಸಾದವರ ಬೇರಿನೊಳಗಿನ ನಾಳಗಳು ಸುಣ್ಣಗಟ್ಟಿ ಮುಚ್ಚಿರುವುದರಿಂದ ದಾರಿ ಹುಡುಕುವಾಗ ಡ್ರಿಲ್ ಜಾರುವ ಅಪಾಯವೂ ಹೆಚ್ಚು.

◆ ತೂತು ಗೊತ್ತಾಗದೆ ಮುಂದುವರಿದರೆ? ನಾಳ ತೊಳೆಯಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚಿನ ಮೂಲದ್ರವ್ಯ, ಹೊರಗೆ ಸೋರಿ ಅಸಾಧ್ಯ ನೋವು, ಊತ ತರಬಹುದು.

◆ ತೂತು ಬಿತ್ತೆಂದ ಮಾತ್ರಕ್ಕೆ ಹಲ್ಲು ಕೀಳಬೇಕಿಲ್ಲ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು 1993ರಲ್ಲಿ ತೂತು ಮುಚ್ಚುವ 'ಎಂಟಿಎ' ಎಂಬ ಪುಡಿಯನ್ನು ಪರಿಚಯಿಸಿದರು. ಅದರ ಮುಖ್ಯ ಸರಕು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದ್ದೇ! ತೇವವಿದ್ದಲ್ಲೂ ಗಟ್ಟಿಯಾಗುವುದು ಇದರ ಗುಣ.

◆ ಹಲ್ಲು ಉಳಿಯುವುದು ಮೂರರ ಮೇಲೆ: ತೂತು ಎಷ್ಟು ದೊಡ್ಡದು, ಎಲ್ಲಿದೆ, ಎಷ್ಟು ಬೇಗ ಮುಚ್ಚಿತು. ಚಿಕ್ಕದಾಗಿ, ಮೂಳೆಯೊಳಗೆ ಆಳದಲ್ಲಿದ್ದು, ಕೂಡಲೇ ಮುಚ್ಚಿದರೆ ಒಳ್ಳೆಯದು. ವಸಡಿನ ಅಂಚಿನ ಬಳಿ, ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಜಾಗದಲ್ಲಿ ಬಿದ್ದದ್ದು ಕಷ್ಟದ್ದು.

◆ ಪಾವಗಡ, ಶಿರಾ, ಮಧುಗಿರಿ ಕಡೆಯ ಅನೇಕ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ಇದು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಏಳುತ್ತದೆ. ಆ ಕಲೆಗೆ ರೂಟ್ ಕೆನಾಲ್ ಬೇಡ! ಕಲೆ ಹಲ್ಲಿನ ಹೊರಕವಚದ್ದು; ರೂಟ್ ಕೆನಾಲ್ ಒಳಗಿನ ನರದ ಸೋಂಕಿಗೆ.

◆ ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ನೋವು ಹೋಯಿತಲ್ಲ, ಇನ್ನೊಮ್ಮೆ ಅಷ್ಟು ದೂರ ಯಾಕೆ ಎಂದು ಎರಡನೇ ಭೇಟಿ ತಪ್ಪಿಸಬೇಡಿ. ತಾತ್ಕಾಲಿಕ ಫಿಲ್ಲಿಂಗ್ ಸವೆದರೆ ಸೋಂಕು ಮತ್ತೆ ಒಳಸೇರುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವವರೆಗೆ ಅಡಿಕೆ, ಹುರಿಗಡಲೆ ಆ ಕಡೆಯಿಂದ ಅಗಿಯಬೇಡಿ. ಬೇರಿಗೆ ತೂತಾಗಿತ್ತೆಂದು ವೈದ್ಯರು ಹೇಳಿದ್ದರೆ ಎಲ್ಲಿ, ಯಾವತ್ತು, ಏನು ಹಾಕಿ ಮುಚ್ಚಿದರು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಮುಂದೆ ಯಾವ ಊರಿನ ದಂತವೈದ್ಯರ ಬಳಿ ಹೋದರೂ ಅವರು ಮೊದಲು ಕೇಳುವುದು ಅದನ್ನೇ.