ನಿರಾಶ್ರಿತರನ್ನು ದಡ ಸೇರಿಸಿದ ಆದಾ ಸೆರೇನಿ

ತನ್ನ ದುಃಖದಲ್ಲಿ ತಾನೇ ಮುಳುಗಿಹೋಗುವುದು ಲೋಕಸಾಮಾನ್ಯ. ಆ ದುಃಖವನ್ನು ನುಂಗಿಕೊಂಡು ಪರರ ಸಂಕಟಕ್ಕೆ ಹೆಗಲು ಕೊಡುವವರು ವಿರಳ. ಇಟಲಿಯ ಆದಾ ಸೆರೇನಿ ಅಂತಹ ವಿರಳರ ಪಂಕ್ತಿಗೆ ಸೇರಿದವರು.

ಆದಾ ಅವರು 1905ರಲ್ಲಿ ರೋಮ್ ನಗರದ ಸಿರಿವಂತ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದರು. ತತ್ತ್ವಶಾಸ್ತ್ರವನ್ನು ಅಭ್ಯಸಿಸಿದ ಎಂಜೊ ಸೆರೇನಿ ಅವರ ಪತಿ. ಈ ದಂಪತಿಗಳು 1927ರಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನಿಗೆ ತೆರಳಿ, ಮರುವರ್ಷ ಗಿವತ್ ಬ್ರೆನ್ನರ್ ಎಂಬ ಸಾಮೂಹಿಕ ಕೃಷಿವಸತಿಯ ಸ್ಥಾಪನೆಯಲ್ಲಿ ಭಾಗಿಗಳಾದರು. ಅಲ್ಲಿ ಆಗ ಸ್ವಂತ ಆಸ್ತಿಯೆಂಬುದಿರಲಿಲ್ಲ. ದುಡಿಮೆ ಎಲ್ಲರದಾಗಿತ್ತು, ಫಲವೂ ಎಲ್ಲರದಾಗಿತ್ತು. ಸಿರಿಯಲ್ಲಿ ಬೆಳೆದ ಆದಾ ಅಲ್ಲಿ ಕಾಯಕದ ಬಾಳನ್ನು ಮನಸಾರೆ ಒಪ್ಪಿಕೊಂಡರು.

ದ್ವಿತೀಯ ಮಹಾಯುದ್ಧ ಈ ಸಂಸಾರವನ್ನು ಒಡೆಯಿತು. 1944ರ ಮೇ ತಿಂಗಳಲ್ಲಿ ಎಂಜೊ ಜರ್ಮನ್ ಸೇನೆಯ ವಶದಲ್ಲಿದ್ದ ಉತ್ತರ ಇಟಲಿಯಲ್ಲಿ ಧುಮುಕುಕೊಡೆಯ ನೆರವಿನಿಂದ ಇಳಿದು ಸೆರೆಸಿಕ್ಕರು; ಅದೇ ವರ್ಷದ ನವೆಂಬರಿನಲ್ಲಿ ದಾಹೌ ಸೆರೆಶಿಬಿರದಲ್ಲಿ ಹತರಾದರು. ಪತಿಯ ಸುಳಿವನ್ನರಸಿ 1945ರಲ್ಲಿ ಇಟಲಿಗೆ ಬಂದ ಆದಾ ಅವರಿಗೆ ಕಡೆಗೆ ದೊರೆತದ್ದು ಮರಣವಾರ್ತೆ. ಆದರೂ ಅವರು ಕೂಡಲೆ ಹಿಂದಿರುಗಲಿಲ್ಲ. ನಾಜಿಗಳ ಸಂಹಾರದಿಂದ ಅಳಿದುಳಿದು ಇಟಲಿಗೆ ಬಂದು ಸೇರಿದ್ದ ಸಹಸ್ರಾರು ಯೆಹೂದ್ಯರು ಅಲ್ಲಿ ಅವರ ಕಣ್ಣಿಗೆ ಬಿದ್ದರು.

ಇವರು ಬಹಿರಂಗವಾಗಿ ಪ್ಯಾಲೆಸ್ಟೈನಿಗೆ ಹೋಗಲಾಗದುದಕ್ಕೆ ಕಾರಣವುಂಟು. ಬ್ರಿಟಿಷ್ ಸರ್ಕಾರ 1939ರ ಶ್ವೇತಪತ್ರದಲ್ಲಿ ಐದು ವರ್ಷಗಳಿಗೆ 75,000 ವಲಸಿಗರೆಂದು ಮಿತಿಯನ್ನು ವಿಧಿಸಿ, ಆ ಬಳಿಕದ ವಲಸೆಗೆ ಅರಬರ ಸಮ್ಮತಿ ಬೇಕೆಂದು ಸಾರಿತ್ತು. ತಮ್ಮ ನಾಡಿನಲ್ಲಿ ತಾವೇ ಅಲ್ಪಸಂಖ್ಯಾತರಾಗುವೆವೆಂಬ ಭೀತಿ ಅರಬರದು. ಬದುಕಿ ಉಳಿದವರಿಗೆ ಹಿಂದಿರುಗಲು ಮನೆಯಿಲ್ಲ, ಮುಂದೆ ಹೋಗಲು ಅಪ್ಪಣೆಯಿಲ್ಲ. ಆಗ ಉಳಿದದ್ದು ಗುಪ್ತಮಾರ್ಗವೊಂದೇ.

ಯೆಹೂದಾ ಅರಾಜಿ ಎಂಬುವರು ಇಟಲಿಯಲ್ಲಿ ಈ ಕಾರ್ಯದ ಮುಖಂಡರು. ಆದಾ ಅವರ ಬಲಗೈಯಾದರು. ಹಳೆಯ ಹಡಗುಗಳನ್ನು ಕೊಂಡು, ಒಳಗೆ ಹಲಗೆಗಳ ಅಟ್ಟಣೆ ಕಟ್ಟಿಸಿ, ಇರುಳಿನಲ್ಲಿ ಲಾರಿಗಳ ಮೂಲಕ ಜನರನ್ನು ನಿರ್ಜನ ತೀರಕ್ಕೆ ತರುತ್ತಿದ್ದರು. ಹಡಗು ದಡಕ್ಕೆ ಬರಲಾಗದೆಡೆ ರಬ್ಬರ್ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಿದ್ದರು. ಹಡಗು ಕೊಳ್ಳುವುದು, ಇಂಧನ ಒದಗಿಸುವುದು, ಅಧಿಕಾರಿಗಳ ಮನವೊಲಿಸುವುದು ಇವೆಲ್ಲಕ್ಕೂ ಆ ನಾಡಿನ ಭಾಷೆಯನ್ನೂ ಜನರ ಸ್ವಭಾವವನ್ನೂ ಬಲ್ಲ ಆದಾ ಅನಿವಾರ್ಯರಾದರು. 1946ರ ಜನವರಿಯಲ್ಲಿ ಸುಮಾರು 900 ಮಂದಿಯನ್ನು ಹೊತ್ತು ಹೊರಟ ಹಡಗೊಂದರ ಹೆಸರು ‘ಎಂಜೊ ಸೆರೇನಿ’!

ಅದೇ ವರ್ಷದ ಏಪ್ರಿಲಿನಲ್ಲಿ ಲಾ ಸ್ಪೆಜಿಯಾ ಬಂದರಿನಲ್ಲಿ 1,014 ಮಂದಿ ತಡೆಹಿಡಿಯಲ್ಪಟ್ಟಾಗ ಅವರು ಉಪವಾಸ ಸತ್ಯಾಗ್ರಹವನ್ನೇ ಹೂಡಿದರು. ಜಗತ್ತಿನ ಪತ್ರಿಕೆಗಳು ಆ ಕಡೆ ದೃಷ್ಟಿ ಹಾಯಿಸಿದವು. ಕಡೆಗೆ ಬ್ರಿಟಿಷರು ಮಣಿದು ಮೇ ತಿಂಗಳಲ್ಲಿ ಪ್ರಯಾಣಕ್ಕೆ ಸಮ್ಮತಿಯಿತ್ತರು. ಎಲ್ಲ ಹಡಗುಗಳಿಗೂ ಈ ಭಾಗ್ಯವಿರಲಿಲ್ಲ. ಆಗಸ್ಟಿನಿಂದ, ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಸೈಪ್ರಸ್ ದ್ವೀಪದ ಶಿಬಿರಗಳಿಗೆ ಅಟ್ಟಲಾಯಿತು. ಮುಳ್ಳುತಂತಿಯಿಂದ ಪಾರಾದವರಿಗೆ ಮತ್ತೆ ಮುಳ್ಳುತಂತಿಯೇ ಗತಿಯಾಯಿತು.

1947ರಲ್ಲಿ ಅರಾಜಿಯವರ ಸ್ಥಾನಕ್ಕೆ ಆದಾ ಅವರೇ ಬಂದರು. ಇಟಲಿಯ ಪ್ರಧಾನಿ ದೆ ಗಾಸ್ಪೆರಿಯವರನ್ನು ಕಂಡು, ಅಧಿಕಾರಿಗಳು ಕಂಡೂ ಕಾಣದಂತಿದ್ದರೆ ಸಾಕೆಂದು ಬೇಡಿದರು. ಅವರ ಮಾತಿನಲ್ಲಿ ಬೆದರಿಕೆಯಿರಲಿಲ್ಲ, ದೈನ್ಯವೂ ಇರಲಿಲ್ಲ.

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಗುಪ್ತಯಾನದ ಅಗತ್ಯ ತೀರಿತು. ಆದರೆ ಅಂದಿನ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿನ ಅರಬರು ಮನೆಮಠ ಕಳೆದುಕೊಂಡರೆಂಬುದನ್ನೂ ಚರಿತ್ರೆಯ ವಿದ್ಯಾರ್ಥಿಗಳು ಮರೆಯಲಾಗದು. ಯೆಹೂದ್ಯರೂ ಅರಬರೂ ಕೂಡಿ ಬಾಳಬೇಕೆಂಬುದು ಎಂಜೊ ಅವರ ಹಂಬಲವಾಗಿತ್ತು, ಅದು ಈಡೇರಲಿಲ್ಲ.

ಆದಾ ಅವರ ಪಾಲಿಗೆ ಇನ್ನೊಂದು ಆಘಾತ ಕಾದಿತ್ತು. 1954ರಲ್ಲಿ ಯುದ್ಧಕಾಲದ ಧುಮುಕುಕೊಡೆ ವೀರರ ಸ್ಮರಣಸಭೆಯ ಮೇಲೆ ವಿಮಾನವೊಂದು ಬಿದ್ದು, ಅವರ ಮಗ ದಾನಿಯೇಲ್ ಮತ್ತು ಸೊಸೆ ಮೃತರಾದರು. ಅದನ್ನೂ ಸಹಿಸಿ ಬಾಳಿದ ಅವರು 1973ರಲ್ಲಿ ಗುಪ್ತಯಾನದ ಅನುಭವಗಳನ್ನು ಇಟಾಲಿಯನ್ ಭಾಷೆಯಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1995ರಲ್ಲಿ ಇಸ್ರೇಲ್ ಪ್ರಶಸ್ತಿ ಅವರಿಗೆ ಸಂದಿತು. 1997ರಲ್ಲಿ ಅವರು ಕಾಲವಶರಾದರು.

ತಾನು ಅರಸಿ ಬಂದವನು ದೊರೆಯದಿದ್ದರೂ, ಅರಸುವವರೇ ಇಲ್ಲದವರ ಕೈಯನ್ನು ಆಕೆ ಹಿಡಿದರು. ಆ ಕರುಣೆಯ ಬಲವನ್ನು ನಮ್ಮ ಮಕ್ಕಳೂ ಅರಿಯಲಿ.