ಕೈ ಬಿಡುವ ಕ್ಷಣ

ಮಹಿಳೆಯರ ಜಿಮ್ನಾಸ್ಟಿಕ್ಸ್‌ನ ಎರಡು ಬಾರ್‌ಗಳಲ್ಲಿ ಮೇಲಿನದು ನೆಲದಿಂದ 2.5 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಇಳಿಯಲು ಹುಡುಗಿಯರು ಸಾಮಾನ್ಯವಾಗಿ ಮೊದಲು ಕಲಿಯುವುದು ಫ್ಲೈಅವೇ: ಜೋತು ಜೀಕಿ, ಕಾಲು ಮುಂದೆ ಮೇಲೇರುವಾಗ ಕೈ ಬಿಟ್ಟು, ಹಿಂದಕ್ಕೊಂದು ಲಾಗ ಹಾಕಿ ನಿಲ್ಲುವುದು. ನೆಲದ ಮೇಲೆ ಲೀಲಾಜಾಲವಾಗಿ ಲಾಗ ಹಾಕುವವಳ ಬೆರಳುಗಳೂ ಇಲ್ಲಿ ಕೈ ಬಿಡುವ ಹೊತ್ತಿಗೆ ಬಿಗಿದುಕೊಳ್ಳುತ್ತವೆ. ಎಲ್ಲಿ ಬಾರ್‌ಗೆ ಬಡಿದುಬಿಡುತ್ತೇನೋ ಎಂಬ ಹೆದರಿಕೆ.

ಈ ಹೆದರಿಕೆಯೇ ಆ ಪೆಟ್ಟನ್ನು ಹತ್ತಿರ ತರುತ್ತದೆ. ಹೊಲ ಕಾಯುವವರು ಕವಣೆ ಬೀಸಿದಾಗ, ಬಿಟ್ಟ ಕ್ಷಣದಲ್ಲಿ ಕಲ್ಲು ಯಾವ ದಿಕ್ಕಿಗೆ ಸಾಗುತ್ತಿತ್ತೋ ಅತ್ತಲೇ ಹಾರುತ್ತದೆ. ದೇಹವೂ ಹಾಗೆಯೇ. ಬೇಗ ಬಿಟ್ಟರೆ ತಗ್ಗಿನಲ್ಲೇ ದೂರಕ್ಕೆ ಹೋಗುತ್ತದೆ, ಲಾಗ ಮುಗಿಯಲು ಎತ್ತರ ಸಾಲದು. ದೇಹ ಬಾರ್‌ನ ಮಟ್ಟಕ್ಕೆ ಅಡ್ಡಲಾಗಿ ಬಂದಾಗ ವೇಗ ನೇರ ಮೇಲಕ್ಕಿರುತ್ತದೆ. ಅದನ್ನೂ ದಾಟಿ ಹಿಡಿದೇ ಇದ್ದರೆ ವೇಗ ಬಾರ್‌ನತ್ತ ತಿರುಗುತ್ತದೆ. ಆದ್ದರಿಂದ ಆ ಮಟ್ಟಕ್ಕೆ ತುಸು ಮೊದಲೇ ಬಿಡಬೇಕು. ಪೂರ್ಣ ಸುತ್ತಿನ ಜೈಂಟ್ ಸ್ವಿಂಗ್‌ನಲ್ಲಿ ಬರುವವಳ ದೇಹ ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಸುಮಾರು 20 ಡಿಗ್ರಿ ತಿರುಗುತ್ತದೆ. ಹೆದರಿ ಅಷ್ಟು ತಡ ಮಾಡಿದರೆ ಸಾಕು, ಪಥವೇ ಬದಲಾಗುತ್ತದೆ. ಒಂದು ಕೈ ಬಿಟ್ಟು ಇನ್ನೊಂದು ಹಿಡಿದುಕೊಂಡರಂತೂ ದೇಹ ಪಕ್ಕಕ್ಕೆ ತಿರುಚಿಕೊಂಡು ಬೀಳುತ್ತದೆ.

ಇನ್ನೊಂದು ತಪ್ಪು ತಲೆಯನ್ನು ಹಿಂದಕ್ಕೆ ಎಸೆಯುವುದು. ಲಾಗ ಬೇಗ ಮುಗಿದರೆ ಸಾಕೆಂಬ ಆತುರ ಅದು. ಆಗ ಬೆನ್ನು ಕಮಾನಾಗುತ್ತದೆ, ಎತ್ತರ ಕಳೆದುಹೋಗುತ್ತದೆ, ತಿರುಗುವಿಕೆ ಬಾರ್‌ನ ಪಕ್ಕದಲ್ಲೇ ಶುರುವಾಗುತ್ತದೆ. ತಿರುಗಲು ಬೇಕಾದ ಕೋನೀಯ ಸಂವೇಗ ಜೀಕಿನಿಂದಲೇ ಬರಬೇಕು. ಕೈ ಬಿಟ್ಟ ಮೇಲೆ ಅದು ಹೆಚ್ಚೂ ಆಗದು, ಕಡಿಮೆಯೂ ಆಗದು; ಮೊಣಕಾಲು ಮಡಚಿ ದೇಹ ಮುದುಡಿದರೆ ತಿರುಗುವ ವೇಗ ಏರುತ್ತದೆ, ಚಾಚಿದರೆ ಇಳಿಯುತ್ತದೆ, ಅಷ್ಟೇ. ಅದಕ್ಕೇ ಜೀಕಿನ ತಳದಲ್ಲಿ ಎದೆ ಮುಂದೆ ಬಾಗಿಸಿ, ಆಮೇಲೆ ಕಾಲನ್ನು ಚಿಮ್ಮಿಸುವ 'ಟ್ಯಾಪ್' ಮೇಲೆ ಕೋಚ್‌ಗಳು ಅಷ್ಟೊಂದು ಶ್ರಮ ಹಾಕಿಸುವುದು.

ಭಯ ಅಳುಕುವವರಿಗೆ ಮಾತ್ರ ಬರುವಂಥದ್ದು ಎಂದುಕೊಳ್ಳಬಾರದು. 2021ರ ಜುಲೈನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ನಡುವೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅರಿವೇ ತಪ್ಪಿತು. ಒಳಕಿವಿ, ಕಣ್ಣು, ಸ್ನಾಯುಗಳು ಕಳಿಸುವ ಸುದ್ದಿಯನ್ನು ಮಿದುಳು ಹೊಂದಿಸಿಕೊಂಡರಷ್ಟೇ ಆ ಅರಿವು ಉಳಿಯುವುದು. ಬಾರ್‌ನಿಂದ ಇಳಿಯುವಾಗ ಮೆತ್ತನೆಯ ಮ್ಯಾಟ್ ಮೇಲೆ ಬೆನ್ನಡಿಯಾಗಿ ಬೀಳುತ್ತಿದ್ದ ಅಭ್ಯಾಸದ ವಿಡಿಯೊಗಳನ್ನು ಅವರೇ ಹಂಚಿಕೊಂಡರು. ಜುಂಟೆಂಡೊ ವಿಶ್ವವಿದ್ಯಾಲಯದ ಅಂಗಣದಲ್ಲಿ ಅಭ್ಯಾಸ ಮಾಡಿ, ಆಗಸ್ಟ್ 3ರಂದು ಬ್ಯಾಲೆನ್ಸ್ ಬೀಮ್‌ನಲ್ಲಿ, ಕೊನೆಗೆ ತಿರುಚುವಿಕೆಯಿಲ್ಲದ ಲಾಗ ಹಾಕಿ ಇಳಿದು, ಕಂಚು ಗೆದ್ದರು. ಸರಳವಾದುದಕ್ಕೆ ಇಳಿದ ಆ ಧೈರ್ಯವನ್ನು ನಾನು ಅವರ ಚಿನ್ನಗಳಷ್ಟೇ ಗೌರವಿಸುತ್ತೇನೆ.

ಮಿದುಳು ಕಲಿತ ಭಯವನ್ನು ಅಳಿಸುವುದಿಲ್ಲ. 'ಇಲ್ಲಿ ಅಪಾಯವಿಲ್ಲ' ಎಂಬ ಹೊಸ ಪಾಠವನ್ನು ಅದರ ಮೇಲೆ ಬರೆದುಕೊಳ್ಳುತ್ತದೆ, ಆ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಫೋಮ್ ತುಂಡು ತುಂಬಿದ ಗುಂಡಿಯಲ್ಲಿ, ಅಂದರೆ ಪಿಟ್‌ನಲ್ಲಿ, ಹಾಯಾಗಿ ಹಾರಿದವಳು ಗಟ್ಟಿ ಮ್ಯಾಟ್ ಕಂಡೊಡನೆ ಮತ್ತೆ ನಡುಗುವುದು ಇದರಿಂದ. ಪಿಟ್, ಅದರ ಮೇಲೆ ದಪ್ಪ ಮ್ಯಾಟ್, ಆಮೇಲೆ ಕೋಚ್‌ನ ಕೈ ಬೆನ್ನಿಗಿಟ್ಟು ಸ್ಪರ್ಧೆಯ ಮ್ಯಾಟ್: ಪ್ರತಿ ಮೆಟ್ಟಿಲಲ್ಲೂ ಪಾಠ ಹೊಸದಾಗಿ ಆಗಬೇಕು. ಅಂಜಿದರೆ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಮತ್ತೆ ಶುರುಮಾಡಬೇಕು. ಬಾರ್ ಕೆಳಗೆ ನಿಂತವರು "ಹೆದರಬೇಡ" ಎಂದು ಕೂಗಿ ಫಲವಿಲ್ಲ. "ಗಲ್ಲ ಒಳಗೆ, ಕಾಲ್ಬೆರಳು ನೋಡು, ಅದು ಬಾರ್‌ನ ಮಟ್ಟಕ್ಕೆ ಬಂದಾಗ ಬಿಡು" ಎಂದರೆ ಅವಳಿಗೆ ಮಾಡಲು ಒಂದು ಕೆಲಸ ಸಿಗುತ್ತದೆ.