ಗೊಬ್ಬರ ತಾಗಿದ ಸಸಿ ಬಾಡುವುದೇಕೆ?

ಬುಡಕ್ಕೇ ತಾಗುವಂತೆ ಪೊಟ್ಯಾಷ್ ಗೊಬ್ಬರ ಹಾಕಿದರೆ, ಮಣ್ಣಿನಲ್ಲಿ ತೇವವಿದ್ದರೂ ಎಳೆ ಸಸಿ ಬಾಡುವುದುಂಟು. ಕಾರಣ ಬೇರಿನ ಜೀವಕೋಶದಲ್ಲಿದೆ.

ಕೋಶದ ಹೊರಗೋಡೆ ಗಟ್ಟಿ; ಅದರೊಳಗೆ ತೆಳುಪೊರೆ. ಕೋಶಕೇಂದ್ರವು ಒಳಗಿನ ಕೆಲಸಗಳನ್ನು ನಿಯಂತ್ರಿಸುತ್ತದೆ. ಮೈಟೊಕಾಂಡ್ರಿಯಗಳು ಸಕ್ಕರೆಯಿಂದ ಶಕ್ತಿ ಒದಗಿಸುತ್ತವೆ. ಎಲೆಯಲ್ಲಾದರೆ ಆ ಸಕ್ಕರೆ ತಯಾರಿಸುವ ಪತ್ರಹರಿತ್ತಿನ ಕಣಗಳೂ ಉಂಟು. ಆದರೆ ಬಲಿತ ಕೋಶದ ಬಹುಪಾಲು ಜಾಗ, ಹಲವೊಮ್ಮೆ ಶೇಕಡ 80ಕ್ಕೂ ಹೆಚ್ಚು, ರಸಕುಹರದ್ದು. ಈ ನೀರಿನ ಚೀಲ ತುಂಬಿದ್ದರೆ ಗಿಡ, ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ, ಬಿಗಿಯಾಗಿ ನಿಲ್ಲುತ್ತದೆ.

ಹೊರಗಿನ ಲವಣದ್ರಾವಣ ಒಳಗಿನ ರಸಕ್ಕಿಂತ ಸಾಂದ್ರವಾದಾಗ ನೀರು ಹೊರಕ್ಕೆ ಹರಿಯುತ್ತದೆ. ಪೊರೆ ಗೋಡೆ ಬಿಟ್ಟು ಕುಗ್ಗುತ್ತದೆ. ಉಪ್ಪು ಹಚ್ಚಿದ ಮಾವಿನಹೋಳು ನೀರು ಬಿಡುವುದೂ ಹೀಗೆಯೇ. ಕೂಡಲೇ ಧಾರಾಳವಾಗಿ ನೀರು ಹಾಯಿಸಿದರೆ ಸಸಿ ಚೇತರಿಸಿಕೊಳ್ಳಬಹುದು. ಪೊರೆ ಹರಿದಿದ್ದರೆ ಆಸೆಯಿಲ್ಲ. ಬಿತ್ತುವಾಗ ಗೊಬ್ಬರವು ಬೀಜದಿಂದ 5 ಸೆಂಟಿಮೀಟರ್ ಪಕ್ಕಕ್ಕೆ, ಅಷ್ಟೇ ಕೆಳಗೆ ಬೀಳಲಿ.